ಒಂದು ರಾಷ್ಟ್ರದ ಧರ್ಮಸಂಕಟ: ಒಂದು ಮಹಾಗ್ರಂಥದ ಯೋಜನೆಯ ಇತಿಹಾಸ

ಒಬ್ಬ ವ್ಯಕ್ತಿಯ ನಡತೆಯಲ್ಲಿರುವ ದೋಷವನ್ನು ಎತ್ತಿ ತೋರಿಸುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಒಂದು ರಾಷ್ಟ್ರದ ನಡತೆಯನ್ನು ಪರೀಕ್ಷೆಗೆ ಒಡ್ಡುವುದು ಮಾತ್ರ ಬಹು ದುಷ್ಕರವಾದುದು. ಬರೆಯುವವನು ಆ ರಾಷ್ಟ್ರದವನೇ ಆಗಿದ್ದರೆ ಪಕ್ಷಪಾತದ ಶಂಕೆ ಅವನನ್ನು ಬೆನ್ನಟ್ಟುತ್ತದೆ. ಹೊರಗಿನವನಾಗಿದ್ದರೆ ‘ಇವನಿಗೆ ನಮ್ಮ ಮನೆಯ ಮಾತೇಕೆ?’ ಎಂಬ ಪ್ರಶ್ನೆ ಏಳುತ್ತದೆ. ಯಾವ ಅಳತೆಗೋಲಿನಿಂದ ಅಳೆಯಬೇಕು, ಯಾರ ಸಾಕ್ಷ್ಯವನ್ನು ನಂಬಬೇಕು, ಏನನ್ನು ಮೊದಲು ಹೇಳಿ ಏನನ್ನು ಕೊನೆಗೆ ಹೇಳಬೇಕು ಎಂಬ ಪ್ರಶ್ನೆಗಳೆಲ್ಲ ಲೇಖನಿ ಹಿಡಿಯುವ ಮೊದಲೇ ಇತ್ಯರ್ಥವಾಗಬೇಕು. ಆದುದರಿಂದ ಇಂಥ ಗ್ರಂಥಗಳಲ್ಲಿ ಬರೆದ ಗ್ರಂಥದಷ್ಟೇ ಅದರ ಯೋಜನೆಯೂ ಅಭ್ಯಾಸಯೋಗ್ಯವಾದುದು. ಇದಕ್ಕೆ ನಿದರ್ಶನವಾಗಿ 1944ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಆನ್ ಅಮೆರಿಕನ್ ಡಿಲೆಮಾ’ ಎಂಬ ಗ್ರಂಥದ ಹುಟ್ಟಿನ ಕಥೆಯನ್ನು ಇಲ್ಲಿ ಅವಲೋಕಿಸಬಯಸುತ್ತೇನೆ. ಇದನ್ನು ಬರೆದವರು ಸ್ವೀಡನ್ ದೇಶದ ಅರ್ಥಶಾಸ್ತ್ರಜ್ಞರಾದ ಗುನ್ನಾರ್ ಮಿರ್ಡಾಲ್ ಅವರು. ವಿಷಯ, ಅಮೆರಿಕದ ಕಪ್ಪು ಜನರ ಸ್ಥಿತಿಗತಿ.

ಗ್ರಂಥದ ಹೆಸರನ್ನು ಕನ್ನಡಿಸುವಲ್ಲಿಯೇ ಒಂದು ವಿಚಾರವಿದೆ. ‘ಡಿಲೆಮಾ’ ಎಂಬುದಕ್ಕೆ ‘ಉಭಯಸಂಕಟ’ ಎನ್ನುವುದು ವಾಡಿಕೆ. ಎರಡು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಕೇಡು ಎಂಬುದು ಅದರ ಅರ್ಥ. ಆದರೆ ಮಿರ್ಡಾಲ್ ಅವರ ಮನಸ್ಸಿನಲ್ಲಿದ್ದುದು ಅದಲ್ಲ. ಒಂದು ಜನಾಂಗವು ತಾನು ಒಪ್ಪಿಕೊಂಡ ಧರ್ಮಕ್ಕೂ ತಾನು ನಡೆಸುತ್ತಿರುವ ಬಾಳಿಗೂ ನಡುವೆ ಸಿಕ್ಕಿಕೊಂಡು ಒಳಗೇ ಬೇಯುತ್ತಿದೆ ಎಂಬುದು ಅವರ ಅಭಿಪ್ರಾಯ. ಆದುದರಿಂದ ‘ಧರ್ಮಸಂಕಟ’ವೆಂಬ ನಮ್ಮ ಮಾತೇ ಇಲ್ಲಿ ಹೆಚ್ಚು ಒಪ್ಪುತ್ತದೆ.

ಪ್ರೇರಣೆ ಮತ್ತು ಆಯ್ಕೆ

ಈ ಗ್ರಂಥದ ಬೀಜ ಬಿದ್ದದ್ದು 1935ರಲ್ಲಿ. ಕಾರ್ನೆಗಿ ಕಾರ್ಪೊರೇಷನ್ ಎಂಬ ದತ್ತಿಸಂಸ್ಥೆ ದಕ್ಷಿಣ ರಾಜ್ಯಗಳ ಕಪ್ಪು ಜನರ ಶಾಲಾ ಕಾಲೇಜುಗಳಿಗೆ ಬಹುಕಾಲದಿಂದ ಹಣ ಕೊಡುತ್ತ ಬಂದಿತ್ತು. ಆ ಹಣದಿಂದ ನಿಜವಾಗಿ ಏನಾಗುತ್ತಿದೆ, ಸಮಸ್ಯೆಯ ಸ್ವರೂಪವೇನು ಎಂಬುದನ್ನು ಮೊದಲು ತಿಳಿಯಬೇಕೆಂದು ಸಂಸ್ಥೆಯ ಧರ್ಮದರ್ಶಿಗಳಲ್ಲೊಬ್ಬರಾದ ನ್ಯೂಟನ್ ಬೇಕರ್ ಸೂಚಿಸಿದರು. ಅವರು ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧಸಚಿವರಾಗಿದ್ದವರು. ಸಂಸ್ಥೆಯ ಅಧ್ಯಕ್ಷರಾಗಿದ್ದ ಫ್ರೆಡರಿಕ್ ಕೆಪ್ಪೆಲ್ ಅವರು ಯುದ್ಧಕಾಲದಲ್ಲಿ ಬೇಕರ್ ಅವರ ಕೈಕೆಳಗೆ ಕೆಲಸ ಮಾಡಿದ್ದರು. ಸೂಚನೆ ಕೆಪ್ಪೆಲ್ ಅವರ ಮನಸ್ಸಿನಲ್ಲಿ ಬೇರೂರಿತು. 1937ರ ಡಿಸೆಂಬರಿನಲ್ಲಿ ಬೇಕರ್ ತೀರಿಕೊಂಡರೂ ಕಾರ್ಯ ನಿಲ್ಲಲಿಲ್ಲ.

ಬರೆಯುವವರು ಯಾರು ಎಂಬುದು ಮೊದಲನೆಯ ಪ್ರಶ್ನೆ. ಅಮೆರಿಕದ ವಿದ್ವಾಂಸರೆಲ್ಲರೂ ಈ ವಿಷಯದಲ್ಲಿ ಒಂದಲ್ಲ ಒಂದು ಪಕ್ಷಕ್ಕೆ ಸೇರಿದವರೆಂದು ಕೆಪ್ಪೆಲ್ ಭಾವಿಸಿದರು. ಬ್ರಿಟನ್, ಫ್ರಾನ್ಸ್ ಮೊದಲಾದ ಸಾಮ್ರಾಜ್ಯಶಾಹಿ ದೇಶಗಳ ವಿದ್ವಾಂಸರನ್ನು ಕರೆದರೆ ಕಪ್ಪು ಜನರಿಗೆ ನಂಬಿಕೆ ಬರಲಾರದು. ಆದುದರಿಂದ ವಿದ್ವತ್ತಿನಲ್ಲಿ ಮೇಲಾದ, ಆದರೆ ಸಾಮ್ರಾಜ್ಯದ ಹಿನ್ನೆಲೆಯಿಲ್ಲದ ದೇಶವೊಂದರಿಂದ ಕರೆಯಬೇಕೆಂದು ನಿರ್ಧರಿಸಿದರು. ಶೋಧ ಸ್ವೀಡನ್ನಿನಲ್ಲಿ ಕೊನೆಗೊಂಡಿತು. 1898ರಲ್ಲಿ ಹುಟ್ಟಿದ ಮಿರ್ಡಾಲ್ ಅವರಿಗೆ ಆಗ ನಲವತ್ತು ವರ್ಷವೂ ತುಂಬಿರಲಿಲ್ಲ. ಸ್ಟಾಕ್‌ಹೋಮಿನಲ್ಲಿ ಪ್ರಾಧ್ಯಾಪಕರು, ಸಂಸತ್ತಿನ ಸದಸ್ಯರು. ಪತ್ನಿ ಆಲ್ವಾ ಅವರೊಡನೆ ಸೇರಿ 1934ರಲ್ಲಿ ತಮ್ಮ ದೇಶದ ಜನಸಂಖ್ಯಾ ಸಮಸ್ಯೆಯನ್ನು ಕುರಿತು ಬರೆದ ಗ್ರಂಥದಿಂದ ಸ್ವೀಡನ್ನಿನಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿದ್ದರು. 1937ರ ಆಗಸ್ಟಿನಲ್ಲಿ ಕೆಪ್ಪೆಲ್ ಅವರ ಆಹ್ವಾನ ಬಂದಾಗ ಅವರು ಮೊದಲು ಹಿಂಜರಿದರು. ಅನಂತರ ಒಪ್ಪಿ 1938ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿಗೆ ಬಂದಿಳಿದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಇದೇ ವಿಷಯವನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ್ದ ಕಪ್ಪು ವಿದ್ವಾಂಸರೊಬ್ಬರು ಆ ದೇಶದಲ್ಲಿಯೇ ಇದ್ದರು. ಅವರೇ ಡಬ್ಲ್ಯು.ಇ.ಬಿ. ಡು ಬಾಯ್ಸ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದ ಅವರು 1899ರಷ್ಟು ಹಿಂದೆಯೇ ಫಿಲಡೆಲ್ಫಿಯ ನಗರದ ಕಪ್ಪು ಜನರನ್ನು ಕುರಿತು, ಮನೆಮನೆಗೆ ಹೋಗಿ ವಿಚಾರಿಸಿ, ಒಂದು ಗ್ರಂಥವನ್ನು ರಚಿಸಿದ್ದರು. ಕಪ್ಪು ಜನರ ವಿಶ್ವಕೋಶವೊಂದನ್ನು ಸಿದ್ಧಪಡಿಸಬೇಕೆಂದು 1930ರ ದಶಕದಲ್ಲಿ ಧನಸಹಾಯಕ್ಕಾಗಿ ಅವರು ದತ್ತಿಸಂಸ್ಥೆಗಳ ಬಾಗಿಲು ತಟ್ಟುತ್ತಿದ್ದರು. ಕಾರ್ನೆಗಿ ಸಂಸ್ಥೆಯಿಂದಲೂ ಅವರಿಗೆ ಬೇಕಾದ ನೆರವು ದೊರೆಯಲಿಲ್ಲ. ಅದೇ ಕಾಲದಲ್ಲಿ ಪರದೇಶದ ವಿದ್ವಾಂಸರಿಗೆ ಎರಡೂವರೆ ಲಕ್ಷ ಡಾಲರಿಗೂ ಮಿಗಿಲಾದ ವೆಚ್ಚದ ಯೋಜನೆ ಒದಗಿತು. ನೊಂದವನ ಮಾತು ಪಕ್ಷಪಾತ, ನೋಡಿದವನ ಮಾತು ಪ್ರಮಾಣ ಎಂಬ ಭಾವನೆ ಇದರ ಹಿಂದಿರಲಿಲ್ಲವೆಂದು ಹೇಳುವುದು ಕಷ್ಟ. ಆದರೂ ಗ್ರಂಥ ಹೊರಬಂದಾಗ ಡು ಬಾಯ್ಸ್ ಅವರು ಮಾತ್ಸರ್ಯಕ್ಕೆ ಎಡೆಗೊಡದೆ ಅದನ್ನು ಮಹತ್ಕಾರ್ಯವೆಂದು ಮೆಚ್ಚಿ ವಿಮರ್ಶೆ ಬರೆದದ್ದು ಅವರ ದೊಡ್ಡತನಕ್ಕೆ ಸಾಕ್ಷಿ.

ಮೊದಲು ಕಣ್ಣಾರೆ ಕಂಡದ್ದು

ಗ್ರಂಥಾಲಯದಲ್ಲಿ ಕುಳಿತು ಆರಂಭಿಸಬೇಡಿ, ಮೊದಲು ದಕ್ಷಿಣದ ರಾಜ್ಯಗಳನ್ನು ನೋಡಿ ಬನ್ನಿ ಎಂದು ಕೆಪ್ಪೆಲ್ ಸಲಹೆ ಮಾಡಿದರು. ಅದರಂತೆ 1938ರ ಶರತ್ಕಾಲದಲ್ಲಿ ಮಿರ್ಡಾಲ್ ದಕ್ಷಿಣದಲ್ಲಿ ಸುತ್ತಾಡಿದರು. 1940ರ ಜನಗಣತಿಯಂತೆ ಅಮೆರಿಕದ ಕಪ್ಪು ಜನರ ಸಂಖ್ಯೆ ಸುಮಾರು 1 ಕೋಟಿ 29 ಲಕ್ಷ. ದೇಶದ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂದು ಪಾಲಿಗೆ ತುಸು ಕಡಿಮೆ. ಅವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ದಕ್ಷಿಣದಲ್ಲಿಯೇ ಇದ್ದರು. ಬೇರೆ ಶಾಲೆ, ರೈಲಿನಲ್ಲಿ ಬೇರೆ ಡಬ್ಬಿ, ಬೇರೆ ನೀರಿನ ನಲ್ಲಿ. ಮತಪೆಟ್ಟಿಗೆಯ ಬಳಿಗೆ ಸುಳಿಯದಂತೆ ತಲೆಗಂದಾಯ ಮತ್ತು ಅಕ್ಷರಪರೀಕ್ಷೆಗಳ ಬೇಲಿ. ನ್ಯಾಯಾಲಯದಲ್ಲಿ ಬಿಳಿಯರೇ ತುಂಬಿದ ಪಂಚಾಯಿತಿ. ಗುಲಾಮಗಿರಿ 1865ರಲ್ಲಿ ಕಾಯಿದೆಯ ಮಟ್ಟಿಗೆ ಅಳಿದಿದ್ದರೂ ಗೇಣಿ ಬೇಸಾಯದ ಸಾಲ ಹತ್ತಿಯ ಹೊಲಗಳಲ್ಲಿ ಅದರ ನೆರಳನ್ನು ಉಳಿಸಿಕೊಂಡಿತ್ತು.

ಈ ಪ್ರವಾಸದಿಂದ ಮಿರ್ಡಾಲ್ ಅವರ ಮನಸ್ಸು ಕಲಕಿತು. ಹೊಣೆ ಒಬ್ಬನಿಗೆ ಮೀರಿದುದೆಂದು ಅವರಿಗೆ ತೋರಿತು. ಅವರೇ ಮುಂದೆ ನೆನಪಿಸಿಕೊಂಡಂತೆ, ತಮ್ಮೊಡನೆ ಅಮೆರಿಕನ್ನರನ್ನು ಸೇರಿಸಿ ಒಂದು ಸಮಿತಿ ರಚಿಸಬೇಕೆಂದು ಕೆಪ್ಪೆಲ್ ಅವರನ್ನು ಕೇಳಿಕೊಂಡರು. ಕೆಪ್ಪೆಲ್ ಒಪ್ಪಲಿಲ್ಲ. ಸಮಿತಿಯೆಂದರೆ ರಾಜಿ; ರಾಜಿಯ ಮಾತು ರಾಷ್ಟ್ರದ ಮನಸ್ಸನ್ನು ತಟ್ಟದು; ನೆರವು ಎಷ್ಟು ಬೇಕಾದರೂ ಪಡೆಯಿರಿ, ಗ್ರಂಥದ ಹೊಣೆ ಮಾತ್ರ ಒಬ್ಬರದೇ ಆಗಿರಲಿ ಎಂಬುದು ಅವರ ನಿಲುವಾಗಿತ್ತು. ಗ್ರಂಥದ ಬಲವೂ ಅದರ ದೌರ್ಬಲ್ಯವೂ ಈ ಒಂದು ನಿರ್ಧಾರದಿಂದಲೇ ಹುಟ್ಟಿದವು.

1939ರ ಜನವರಿಯಲ್ಲಿ ಮಿರ್ಡಾಲ್ ತಮ್ಮ ಯೋಜನೆಯ ವಿಜ್ಞಾಪನೆಯನ್ನು ಕೆಪ್ಪೆಲ್ ಅವರಿಗೆ ಒಪ್ಪಿಸಿದರು. ಅನಂತರ ಸಹಾಯಕರ ತಂಡ ಕೂಡಿಬಂದಿತು. ಸ್ವೀಡನ್ನಿನಿಂದ ರಿಚರ್ಡ್ ಸ್ಟರ್ನರ್ ಬಂದರು. ಹೊವಾರ್ಡ್ ವಿಶ್ವವಿದ್ಯಾನಿಲಯದ ಕಪ್ಪು ವಿದ್ವಾಂಸ ರಾಲ್ಫ್ ಬಂಚ್ ರಾಜಕೀಯ ಭಾಗವನ್ನು ವಹಿಸಿಕೊಂಡರು. ಚಾರ್ಲ್ಸ್ ಜಾನ್ಸನ್, ಫ್ರಾಂಕ್ಲಿನ್ ಫ್ರೇಜಿಯರ್, ಮೆಲ್ವಿಲ್ ಹರ್ಸ್‌ಕೊವಿಟ್ಸ್, ಗೈ ಜಾನ್ಸನ್ ಮೊದಲಾದವರು ತಮ್ಮ ತಮ್ಮ ಕ್ಷೇತ್ರಗಳಲ್ಲಿ ನೆರವಾದರು. 1939ರಲ್ಲಿ ಮಿರ್ಡಾಲ್ ಮತ್ತು ಬಂಚ್ ಜೊತೆಯಾಗಿ ದಕ್ಷಿಣದಲ್ಲಿ ಪ್ರವಾಸ ಮಾಡಿದರು. ಹೊರದೇಶದ ಅತಿಥಿಗೆ ತೆರೆದಿದ್ದ ಊಟದ ಮನೆಗಳ ಬಾಗಿಲು ಅದೇ ದೇಶದ ಪ್ರಜೆಯಾದ ಬಂಚ್ ಅವರಿಗೆ ಮುಚ್ಚಿತ್ತು. ಇವರೇ ಮುಂದೆ 1950ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆದವರೆಂಬುದನ್ನು ಇಲ್ಲಿ ನೆನೆಯಬೇಕು.

ಅಳತೆಗೋಲಿನ ಪ್ರಶ್ನೆ

ಗ್ರಂಥದ ಯೋಜನೆಯಲ್ಲಿ ಅತ್ಯಂತ ಮುಖ್ಯವಾದುದು ಅಳತೆಗೋಲಿನ ಪ್ರಶ್ನೆ. ಸಮಾಜಶಾಸ್ತ್ರ ಸಂಪೂರ್ಣ ನಿಷ್ಪಕ್ಷಪಾತವಾದುದು ಎಂಬ ಮಾತನ್ನು ಮಿರ್ಡಾಲ್ ಒಪ್ಪುತ್ತಿರಲಿಲ್ಲ. ಅರ್ಥಶಾಸ್ತ್ರದ ಸಿದ್ಧಾಂತಗಳಲ್ಲಿ ಮೌಲ್ಯಗಳು ಹೇಗೆ ಗುಟ್ಟಾಗಿ ನುಸುಳುತ್ತವೆ ಎಂಬುದನ್ನು ಅವರು 1930ರಲ್ಲಿಯೇ ಒಂದು ಗ್ರಂಥದಲ್ಲಿ ತೋರಿಸಿದ್ದರು. ಮೌಲ್ಯಗಳಿಲ್ಲದೆ ಪ್ರಶ್ನೆಯನ್ನೇ ಕೇಳಲಾಗದು. ಆದುದರಿಂದ ಅವನ್ನು ಬಚ್ಚಿಡುವ ಬದಲು ಮೊದಲೇ ಸಾರಿ ಹೇಳಬೇಕು ಎಂಬುದು ಅವರ ನಿಲುವು.

ಹಾಗಾದರೆ ಯಾರ ಮೌಲ್ಯಗಳು? ಸ್ವೀಡನ್ನಿನವುಗಳಾದರೆ ಅಮೆರಿಕನ್ನರು ಏಕೆ ಕೇಳಬೇಕು? ಇಲ್ಲಿ ಮಿರ್ಡಾಲ್ ಅವರಿಗೆ ಒಂದು ದಾರಿ ಕಂಡಿತು. ಅಮೆರಿಕನ್ನರು ತಾವೇ ಸ್ವಾತಂತ್ರ್ಯ ಘೋಷಣೆಯಲ್ಲಿ, ಸಂವಿಧಾನದಲ್ಲಿ, ಶಾಲೆಯಲ್ಲಿ, ಇಗರ್ಜಿಯಲ್ಲಿ ದಿನನಿತ್ಯ ಉಚ್ಚರಿಸುವ ಸಮಾನತೆ, ಸ್ವಾತಂತ್ರ್ಯ, ನ್ಯಾಯ ಎಂಬ ಆದರ್ಶಗಳನ್ನೇ ಅಳತೆಗೋಲಾಗಿ ಹಿಡಿಯುವುದು. ಇದನ್ನವರು ‘ಅಮೆರಿಕದ ಶ್ರದ್ಧೆ’ ಎಂಬ ಅರ್ಥದ ಮಾತಿನಿಂದ ಕರೆದರು. ರಾಷ್ಟ್ರದ ನುಡಿಯಿಂದಲೇ ರಾಷ್ಟ್ರದ ನಡೆಯನ್ನು ಅಳೆಯುವ ಈ ಕ್ರಮದಲ್ಲಿ ಹೊರಗಿನವನು ನ್ಯಾಯಾಧೀಶನಾಗುವುದಿಲ್ಲ, ಕನ್ನಡಿ ಹಿಡಿಯುವವನಾಗುತ್ತಾನೆ. ಆದುದರಿಂದಲೇ, ಸಮಸ್ಯೆಯ ನೆಲೆ ಕಪ್ಪು ಜನರಲ್ಲಿಲ್ಲ, ಬಿಳಿಯರ ಅಂತಃಕರಣದಲ್ಲಿದೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಈ ವಿಚಾರ ಪಕ್ವವಾದದ್ದು ಸ್ವೀಡನ್ನಿನಲ್ಲಿ ಎಂದು ಚರಿತ್ರಕಾರರು ಗುರುತಿಸಿದ್ದಾರೆ. 1940ರ ಏಪ್ರಿಲಿನಲ್ಲಿ ಹಿಟ್ಲರನ ಸೈನ್ಯ ಡೆನ್ಮಾರ್ಕ್ ಮತ್ತು ನಾರ್ವೆಗಳನ್ನು ಹೊಕ್ಕಾಗ, ತಮ್ಮ ದೇಶಕ್ಕೂ ಅದೇ ಗತಿ ಬಂದೀತೆಂದು ಮಿರ್ಡಾಲ್ ದಂಪತಿಗಳು ಮೇ ತಿಂಗಳಲ್ಲಿ ತಾಯ್ನಾಡಿಗೆ ಹೊರಟರು. ಯೋಜನೆಯ ಮೇಲ್ವಿಚಾರಣೆ ಸ್ಯಾಮ್ಯುಯೆಲ್ ಸ್ಟೌಫರ್ ಅವರ ಪಾಲಿಗೆ ಬಂತು. ಸುತ್ತಲೂ ನಾಜಿಗಳ ಜನಾಂಗದ್ವೇಷ ಮುತ್ತಿಕೊಂಡಿದ್ದ ಆ ದಿನಗಳಲ್ಲಿ, ಸ್ವೀಡನ್ನಿನ ಜನರಿಗೆ ಪ್ರಜಾಪ್ರಭುತ್ವದಲ್ಲಿ ಧೈರ್ಯ ತುಂಬಲೆಂದು ದಂಪತಿಗಳಿಬ್ಬರೂ ಅಮೆರಿಕವನ್ನು ಕುರಿತು ಒಂದು ಪುಸ್ತಕ ಬರೆದರು. ಅದು 1941ರಲ್ಲಿ ಪ್ರಕಟವಾಯಿತು. ದೋಷಗಳಿದ್ದರೂ ತನ್ನ ಆದರ್ಶವನ್ನು ಬಿಟ್ಟುಕೊಡದೆ ಅದಕ್ಕಾಗಿ ತನ್ನನ್ನೇ ನಿಂದಿಸಿಕೊಳ್ಳಬಲ್ಲ ರಾಷ್ಟ್ರವೆಂದು ಅದರಲ್ಲಿ ಅಮೆರಿಕವನ್ನು ಚಿತ್ರಿಸಿದರು. ಅದೇ ವರ್ಷ ಮಿರ್ಡಾಲ್ ಅಮೆರಿಕಕ್ಕೆ ಮರಳಿ, ಸ್ಟರ್ನರ್ ಮತ್ತು ತರುಣ ವಿದ್ವಾಂಸ ಆರ್ನಾಲ್ಡ್ ರೋಸ್ ಅವರ ನೆರವಿನಿಂದ ಗ್ರಂಥವನ್ನು ಬರೆಯಲು ಕುಳಿತರು. 1942ರ ಕೊನೆಯ ಹೊತ್ತಿಗೆ ಬರವಣಿಗೆ ಮುಗಿಯಿತು.

ಗ್ರಂಥದ ಕಟ್ಟಡ

ಹನ್ನೊಂದು ಭಾಗಗಳು, 45 ಅಧ್ಯಾಯಗಳು, ಹತ್ತು ಅನುಬಂಧಗಳು. ಎರಡು ಸಂಪುಟಗಳಲ್ಲಿ 1400ಕ್ಕೂ ಮಿಕ್ಕಿದ ಪುಟಗಳು. ಜನಾಂಗ, ಜನಸಂಖ್ಯೆ, ಆರ್ಥಿಕ ಜೀವನ, ರಾಜಕೀಯ, ನ್ಯಾಯ, ಸಾಮಾಜಿಕ ಅಸಮಾನತೆ, ನಾಯಕತ್ವ, ಕಪ್ಪು ಜನರ ಸಮುದಾಯ ಜೀವನ ಇವೆಲ್ಲ ಕ್ರಮವಾಗಿ ಬರುತ್ತವೆ. ಇವನ್ನೆಲ್ಲ ಇಲ್ಲಿ ವಿವರಿಸಲು ಸ್ಥಳವಿಲ್ಲ. ಯೋಜನೆಯ ದೃಷ್ಟಿಯಿಂದ ಎರಡು ಸೂತ್ರಗಳನ್ನು ಮಾತ್ರ ಪರಿಶೀಲಿಸೋಣ.

ಮೊದಲನೆಯದು ಪಕ್ಷಪಾತದ ತಾರತಮ್ಯ ಕ್ರಮ. ಬಿಳಿಯರು ಯಾವುದನ್ನು ಎಷ್ಟು ಬಿಗಿಯಾಗಿ ತಡೆಯುತ್ತಾರೆ ಎಂದು ವಿಚಾರಿಸಿದಾಗ ಒಂದು ಶ್ರೇಣಿ ಕಂಡುಬಂದಿತು. ಎಲ್ಲಕ್ಕಿಂತ ಮೇಲೆ ವಿವಾಹ ಸಂಬಂಧದ ನಿಷೇಧ; ಅನಂತರ ಸಹಭೋಜನ, ಹಸ್ತಲಾಘವ ಮೊದಲಾದ ಸಾಮಾಜಿಕ ಮರ್ಯಾದೆಗಳು; ಮೂರನೆಯದು ಶಾಲೆ, ವಾಹನಗಳಲ್ಲಿ ಪ್ರತ್ಯೇಕತೆ; ನಾಲ್ಕನೆಯದು ಮತದಾನ; ಐದನೆಯದು ನ್ಯಾಯಾಲಯ ಮತ್ತು ಪೊಲೀಸರು; ಕೊನೆಗೆ ಭೂಮಿ, ಸಾಲ, ಉದ್ಯೋಗ. ಕಪ್ಪು ಜನರ ಬೇಡಿಕೆಗಳ ಶ್ರೇಣಿಯಾದರೋ ಹೆಚ್ಚುಕಡಿಮೆ ಇದರ ತಲೆಕೆಳಗು. ಅವರಿಗೆ ಮೊದಲು ಬೇಕಾದದ್ದು ಅನ್ನ, ಉದ್ಯೋಗ, ನ್ಯಾಯ. ವಿವಾಹದ ಮಾತು ಕೊನೆಯದು. ಒಬ್ಬರು ಅತ್ಯಂತ ಬಲವಾಗಿ ಕೇಳುವುದನ್ನು ಇನ್ನೊಬ್ಬರು ಅತ್ಯಂತ ಸಡಿಲವಾಗಿ ಹಿಡಿದಿದ್ದಾರೆ. ಆದುದರಿಂದ ಸುಧಾರಣೆಗೆ ಅವಕಾಶವಿದೆ ಎಂದು ಮಿರ್ಡಾಲ್ ಆಶಿಸಿದರು. ರೊಟ್ಟಿ-ಬೇಟಿಗಳ ಕಟ್ಟುಪಾಡನ್ನು ಬಲ್ಲ ನಮ್ಮ ನಾಡಿನ ವಾಚಕರಿಗೆ ಈ ಶ್ರೇಣಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಸಂಚಯದ ಸೂತ್ರ. ಬಿಳಿಯರ ಪೂರ್ವಗ್ರಹದಿಂದ ಕಪ್ಪು ಜನರ ವಿದ್ಯೆ, ಆರೋಗ್ಯ, ವಸತಿ ಕೆಳಮಟ್ಟದಲ್ಲಿ ಉಳಿಯುತ್ತವೆ. ಆ ಕೆಳಮಟ್ಟವನ್ನೇ ತೋರಿಸಿ ಬಿಳಿಯರು ತಮ್ಮ ಪೂರ್ವಗ್ರಹವನ್ನು ಸಮರ್ಥಿಸಿಕೊಳ್ಳುತ್ತಾರೆ. ಇದೊಂದು ವಿಷವರ್ತುಲ. ಆದರೆ ಇದೇ ಚಕ್ರ ಮೇಲ್ಮುಖವಾಗಿಯೂ ತಿರುಗಬಲ್ಲದು: ಎಲ್ಲಿಯಾದರೂ ಒಂದು ಕಡೆ, ಶಾಲೆಯಲ್ಲಾಗಲಿ ಕೂಲಿಯಲ್ಲಾಗಲಿ, ಸುಧಾರಣೆಯಾದರೆ ಅದು ಉಳಿದವನ್ನೂ ಎಳೆಯುತ್ತದೆ. ಆದುದರಿಂದ ‘ಮೂಲ ಕಾರಣ ಯಾವುದು?’ ಎಂದು ವಾದಿಸುತ್ತ ಕೈಕಟ್ಟಿ ಕೂಡುವುದು ವ್ಯರ್ಥವೆಂಬುದು ಅವರ ಮತ. ಐದನೆಯ ಅನುಬಂಧವೂ ಗಮನಾರ್ಹವಾದುದು; ಅದರಲ್ಲಿ ಕಪ್ಪು ಜನರ ಸ್ಥಿತಿಗೂ ಸ್ತ್ರೀಯರ ಸ್ಥಿತಿಗೂ ಇರುವ ಸಾಮ್ಯವನ್ನು ಚರ್ಚಿಸಲಾಗಿದೆ.

ಪರಿಣಾಮ ಮತ್ತು ಆಕ್ಷೇಪಗಳು

ಗ್ರಂಥ 1944ರ ಜನವರಿಯಲ್ಲಿ ಪ್ರಕಟವಾಯಿತು. ಅದಕ್ಕೆ ಮುನ್ನುಡಿ ಬರೆದ ಕೆಪ್ಪೆಲ್ ಅವರು ಅದನ್ನು ನೋಡಲು ಉಳಿದಿರಲಿಲ್ಲ. 1943ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು. 1954ರ ಮೇ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿ ವರ್ಣಪ್ರತ್ಯೇಕತೆ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಾಗ, ಅದರ ಹನ್ನೊಂದನೆಯ ಅಡಿಟಿಪ್ಪಣಿಯಲ್ಲಿ ಈ ಗ್ರಂಥವನ್ನು ಉಲ್ಲೇಖಿಸಿತು. ಅದೇ ಟಿಪ್ಪಣಿಯಲ್ಲಿ ಮೊದಲು ಹೆಸರಿಸಲ್ಪಟ್ಟ ಕೆನೆತ್ ಕ್ಲಾರ್ಕ್ ಅವರು ತಾರುಣ್ಯದಲ್ಲಿ ಮಿರ್ಡಾಲ್ ಅವರ ಯೋಜನೆಯಲ್ಲಿ ಸಹಾಯಕರಾಗಿ ದುಡಿದ ಕಪ್ಪು ಮನಶ್ಶಾಸ್ತ್ರಜ್ಞರು.

ಆಕ್ಷೇಪಗಳೂ ಕಡಿಮೆಯಿರಲಿಲ್ಲ. ಕಪ್ಪು ಜನರ ಸಂಸ್ಕೃತಿ ಬಿಳಿಯರ ಸಂಸ್ಕೃತಿಯ ವಿಕೃತ ರೂಪವೆಂಬಂತೆ ಮಿರ್ಡಾಲ್ ಬರೆದಿದ್ದರು. ಒಂದು ಜನಾಂಗ ನೂರಾರು ವರ್ಷ ಬರಿಯ ಪ್ರತಿಕ್ರಿಯೆಯಿಂದಲೇ ಬದುಕಬಲ್ಲದೆ, ಅದಕ್ಕೆ ತನ್ನದೇ ಸೃಷ್ಟಿಯಿಲ್ಲವೆ ಎಂದು ಕಾದಂಬರಿಕಾರ ರಾಲ್ಫ್ ಎಲಿಸನ್ ಪ್ರಶ್ನಿಸಿದರು. 1944ರಲ್ಲಿ ಬರೆದ ಅವರ ವಿಮರ್ಶೆ ಅಚ್ಚಾದದ್ದು 1964ರಲ್ಲಿ. ವಿಚಿತ್ರವೆಂದರೆ ಆಫ್ರಿಕದ ಸಂಸ್ಕೃತಿಯ ಅಂಶಗಳು ಅಮೆರಿಕದ ಕಪ್ಪು ಜನರಲ್ಲಿ ಉಳಿದು ಬಂದಿವೆ ಎಂದು ಸಾಧಿಸುವ ಹರ್ಸ್‌ಕೊವಿಟ್ಸ್ ಅವರ ಗ್ರಂಥ ಇದೇ ಯೋಜನೆಯ ಫಲವಾಗಿ 1941ರಲ್ಲಿ ಹೊರಬಂದಿತ್ತು. ಆದರೆ ಮುಖ್ಯ ಗ್ರಂಥ ಆ ದಾರಿಯನ್ನು ಹಿಡಿಯಲಿಲ್ಲ. ಹೊಣೆ ಒಬ್ಬರದೇ ಆದಾಗ ಹೀಗಾಗುವುದು ಸಹಜ.

ನಮಗೆ ನೇರವಾಗಿ ಸಂಬಂಧಿಸಿದ ಆಕ್ಷೇಪ ಇನ್ನೊಂದಿದೆ. ಬಿಳಿಯ-ಕರಿಯರ ಸಂಬಂಧವನ್ನು ಹೇಳಲು ಮಿರ್ಡಾಲ್ ‘ಜಾತಿ’ ಎಂಬರ್ಥದ ‘ಕಾಸ್ಟ್’ ಶಬ್ದವನ್ನು ಬಳಸಿದ್ದರು. ಟ್ರಿನಿಡಾಡಿನಲ್ಲಿ ಹುಟ್ಟಿದ ಕಪ್ಪು ಸಮಾಜಶಾಸ್ತ್ರಜ್ಞ ಆಲಿವರ್ ಕಾಕ್ಸ್ 1948ರ ತಮ್ಮ ಗ್ರಂಥದಲ್ಲಿ ಇದನ್ನು ಖಂಡಿಸಿದರು. ಹಿಂದೂ ಸಮಾಜದಲ್ಲಿ ಜಾತಿಯನ್ನು ಕೆಳಗಿನವರೂ ಒಪ್ಪಿ ನಡೆಯುತ್ತಾರೆ, ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನದು ಆರ್ಥಿಕ ಶೋಷಣೆಯ ಫಲ ಎಂಬುದು ಅವರ ವಾದ. ಎರಡನೆಯ ಮಾತಿನಲ್ಲಿ ತಥ್ಯವಿರಬಹುದು. ಮೊದಲನೆಯದನ್ನು ಮಾತ್ರ ಹನ್ನೆರಡನೆಯ ಶತಮಾನದ ಶರಣರ ಚರಿತ್ರೆಯನ್ನು ಬಲ್ಲ ಕನ್ನಡಿಗರು ಒಪ್ಪಲಾರರು. ಡಾ. ಅಂಬೇಡ್ಕರ್ ಅವರ ಜಾತಿವಿನಾಶದ ಪ್ರಬಂಧವೂ 1936ರಲ್ಲಿಯೇ ಪ್ರಕಟವಾಗಿತ್ತು. ಅಂಬೇಡ್ಕರ್ ಅವರು 1946ರಲ್ಲಿ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ವಿವರವನ್ನು ಕೇಳಿದ್ದರು. ಎರಡು ಕಡೆಯ ನೋವಿನಲ್ಲಿ ಸಾಮ್ಯವಿದೆಯೆಂದು ಆ ಇಬ್ಬರಿಗೂ ತಿಳಿದಿತ್ತು.

ಮಿರ್ಡಾಲ್ ಅವರ ಆಶಾವಾದವೂ ಕಾಲದ ಪರೀಕ್ಷೆಗೆ ಒಳಗಾಗಿದೆ. ಬಿಳಿಯರ ಶ್ರೇಣಿಯ ತುದಿಯಲ್ಲಿದ್ದ ವಿವಾಹ ನಿಷೇಧದ ಕಾಯಿದೆಗಳು 1954, 1964, 1965ರ ಕ್ರಮಗಳೆಲ್ಲ ಆದಮೇಲೆ, 1967ರಲ್ಲಿ ಬಿದ್ದವು. ಅಷ್ಟರಮಟ್ಟಿಗೆ ಅವರ ಶ್ರೇಣಿ ನಿಜವಾಯಿತು. ಆದರೆ ಅತ್ಯಂತ ಸಡಿಲವೆಂದು ಅವರು ಎಣಿಸಿದ್ದ ಉದ್ಯೋಗ-ಸಂಪತ್ತುಗಳ ಅಸಮಾನತೆ ಇಂದಿಗೂ ತೀರಿಲ್ಲ. ನಿಜಸ್ಥಿತಿ ತಿಳಿದರೆ ಬಿಳಿಯರ ಅಂತಃಕರಣ ತಾನಾಗಿ ಎಚ್ಚರಗೊಳ್ಳುವುದೆಂದು ಅವರು ನಂಬಿದ್ದರು. ಎಚ್ಚರಿಸಲು ಬಸ್ಸು ಬಹಿಷ್ಕರಿಸಿ ನಡೆದವರು, ಸೆರೆಮನೆ ಸೇರಿದವರು ಬೇಕಾದರು.

ಉಪಸಂಹಾರ

ಈ ಕಥೆಗೆ ನಮ್ಮ ದೇಶದಲ್ಲೊಂದು ಮುಂದುವರಿಕೆಯಿದೆ. ಆಲ್ವಾ ಮಿರ್ಡಾಲ್ ಅವರು 1955ರಿಂದ 1961ರವರೆಗೆ ಭಾರತದಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದರು. ಆ ಕಾಲದಲ್ಲಿ ಗುನ್ನಾರ್ ಮಿರ್ಡಾಲ್ ಆರಂಭಿಸಿದ ದಕ್ಷಿಣ ಏಷ್ಯದ ಬಡತನದ ಅಧ್ಯಯನ 1968ರಲ್ಲಿ ‘ಏಷ್ಯನ್ ಡ್ರಾಮಾ’ ಎಂಬ ಮೂರು ಸಂಪುಟಗಳಾಗಿ ಹೊರಬಂದಿತು. ಇಲ್ಲಿಯೂ ಕ್ರಮ ಹಳೆಯದೇ: ನಮ್ಮ ನಾಯಕರು ತಾವೇ ಸಾರಿದ ಸಮಾನತೆ, ಯೋಜನೆ, ಆಧುನಿಕತೆಗಳ ಆದರ್ಶಗಳನ್ನು ಅಳತೆಗೋಲಾಗಿ ಹಿಡಿದು ನಮ್ಮ ನಡೆಯನ್ನು ಅಳೆದರು. ಕಾಯಿದೆಗಳನ್ನು ಮಾಡಿ ಜಾರಿಗೊಳಿಸದ ‘ಮೃದು ಪ್ರಭುತ್ವ’ವೆಂಬ ಅವರ ಮಾತು ನಮ್ಮಲ್ಲಿ ಹಲವರಿಗೆ ಕಹಿಯಾಯಿತು. ಅಮೆರಿಕನ್ನರಿಗೆ ಹಿಡಿದ ಕನ್ನಡಿಯನ್ನು ಮೆಚ್ಚಿದ ನಾವು ನಮ್ಮ ಕಡೆಗೆ ತಿರುಗಿದ ಕನ್ನಡಿಯನ್ನು ದೂರಿದೆವು ಎಂಬುದನ್ನು ಒಪ್ಪಿಕೊಳ್ಳಬೇಕು. ಮಿರ್ಡಾಲ್ ಅವರಿಗೆ 1974ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಹಂಚಿಕೆಯಲ್ಲಿ ಬಂದಿತು. ಆಲ್ವಾ ಅವರಿಗೆ 1982ರಲ್ಲಿ ಶಾಂತಿ ಪಾರಿತೋಷಕ. ಗುನ್ನಾರ್ ಮಿರ್ಡಾಲ್ 1987ರ ಮೇ 17ರಂದು, ಆ ಪ್ರಸಿದ್ಧ ತೀರ್ಪಿನ ದಿನದಂದೇ, ನಿಧನ ಹೊಂದಿದರು.

ರಾಷ್ಟ್ರದ ಕೇಡನ್ನು ಕುರಿತು ಬರೆಯಹೊರಡುವ ಯಾವ ಲೇಖಕನಿಗಾದರೂ ಈ ಇತಿಹಾಸದಿಂದ ತಿಳಿಯಬಹುದಾದ ಸಂಗತಿಗಳು ಸ್ಪಷ್ಟವಾಗಿವೆ. ತಾನು ಹಿಡಿದ ಅಳತೆಗೋಲನ್ನು ಮೊದಲೇ ಬಹಿರಂಗಪಡಿಸಬೇಕು. ಅದು ಜನರು ತಾವೇ ಒಪ್ಪಿಕೊಂಡ ಆದರ್ಶವಾಗಿದ್ದರೆ ಮಾತಿಗೆ ಬಲ ಬರುತ್ತದೆ. ಪುಸ್ತಕಕ್ಕೆ ಮೊದಲು ಪ್ರವಾಸ, ಅಂಕಿ-ಅಂಶಕ್ಕೆ ಮೊದಲು ಮನುಷ್ಯರ ಮುಖ. ಇವೆಲ್ಲಕ್ಕೂ ಮಿಗಿಲಾಗಿ, ನೊಂದವರನ್ನು ಸಾಕ್ಷಿಗಳನ್ನಾಗಿ ಮಾತ್ರವೇ ಕರೆಯದೆ ವಿಚಾರದಲ್ಲಿ ಸಮಭಾಗಿಗಳನ್ನಾಗಿ ಕರೆಯಬೇಕು. ಮಿರ್ಡಾಲ್ ಅವರ ಯೋಜನೆ ಮೊದಲ ಮೂರನ್ನು ಸಾಧಿಸಿತು. ಕೊನೆಯದನ್ನು ಅರ್ಧ ಮಾತ್ರ ಸಾಧಿಸಿತು. ಬಂಚ್ ಅವರು ಆ ಯೋಜನೆಗಾಗಿ ಬರೆದ ವಿಸ್ತಾರವಾದ ವರದಿಗಳ ಒಂದು ಭಾಗ ಗ್ರಂಥರೂಪದಲ್ಲಿ ಬೆಳಕು ಕಂಡದ್ದು 1973ರಲ್ಲಿ, ಅವರು ಗತಿಸಿ ಎರಡು ವರ್ಷಗಳಾದ ಮೇಲೆ.